ಹದ್ದಿನಕಲ್ಲಿನ ಹಗ್ಗ

ಸೋಮಲಿಂಗನ ಕೈ ಮಾತಿಗಿಂತ ಮೊದಲು ಏಳುತ್ತಿತ್ತು. ಬೆಳಗಾವಿ ಹತ್ತಿರದ ಮಚ್ಛೆಯ ಫೌಂಡ್ರಿಯಲ್ಲಿ ಅವನ ಜೊತೆ ದುಡಿಯುವವರಿಗೆಲ್ಲ ಇದು ಗೊತ್ತಿತ್ತು. ಕ್ಯಾಂಟೀನಿನಲ್ಲಿ ಸಾಲು ಮುರಿದು ನುಗ್ಗಿದವನೊಬ್ಬನ ಮೂಗು ಒಡೆದು ಎಂಟು ದಿನ ಕೆಲಸದಿಂದ ಹೊರಗಿದ್ದವನು ಅವನು. ಮನೆಯಲ್ಲೂ ಹಾಗೆಯೇ. ಹೋದ ದೀಪಾವಳಿಯ ಹಿಂದಿನ ವಾರ ಹೆಂಡತಿ ಪ್ರಮಿಳಾ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತ ನಗುತ್ತಿದ್ದಳು. ಇವನು ಎರಡು ಸಲ ಕರೆದ. ಅವಳಿಗೆ ಕೇಳಿಸಲಿಲ್ಲ, ನಗುತ್ತಲೇ ಇದ್ದಳು. ಮೂರನೆಯ ಸಲ ಇವನು ಕರೆಯಲಿಲ್ಲ, ಹೋಗಿ ಹೊಡೆದ. ಒಂದೇ ಏಟಿಗೆ ಅವಳು ಮಂಚದ ಮೂಲೆಗೆ ಬಿದ್ದಳು. ಎದ್ದು, ಬ್ಯಾಗು ತುಂಬಿಕೊಂಡು ವಡಗಾವಿಯ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಕರೆಯಲು ಹೋದಾಗ ಅತ್ತೆ ಭೀಮಕ್ಕ ಮಗ್ಗ ನಿಲ್ಲಿಸದೆಯೇ, ಅದರ ಸದ್ದಿನ ಮೇಲೆ ಕೂಗಿ ಹೇಳಿದ್ದಳು: "ಆಕಿ ಬರಂಗಿಲ್ಲ. ನೀ ಬಂದ ದಾರಿ ಹಿಡಿ."

ಕಲ್ಲಿನ ಮೇಲೆ ಮಾತ್ರ ಸೋಮಲಿಂಗ ಬೇರೆಯೇ ಮನುಷ್ಯ. ಖಾನಾಪುರದಿಂದ ಆಚೆ, ಮಲಪ್ರಭೆಯ ದಂಡೆಯ ಹಳ್ಳಿಯೊಂದರ ಕುರಿಗಾರರ ಮಗ. ತಪ್ಪಿಸಿಕೊಂಡ ಆಡಿನ ಬೆನ್ನು ಹತ್ತಿ ಆರನೆಯ ವಯಸ್ಸಿಗೇ ಊರಾಚೆಯ ಹದ್ದಿನಕಲ್ಲು ಎಂಬ ಬಂಡೆಯನ್ನು ಅರ್ಧ ಏರಿದ್ದ. ಇಳಿಯಲು ಬಾರದೆ ಅತ್ತಾಗ ಅಪ್ಪ ಲಕ್ಷ್ಮಪ್ಪ ಇಳಿಸಿಕೊಂಡು, ಕೆಳಗೆ ತಂದ ಮೇಲೆ ಕೋಲು ಮುರಿಯುವ ತನಕ ಬಡಿದಿದ್ದ. ದೊಡ್ಡವನಾದ ಮೇಲೆ ಬೆಳಗಾವಿಯಿಂದ ಕಲ್ಲು ಏರಲು ಬರುತ್ತಿದ್ದ ಹುಡುಗರ ಸಾಮಾನು ಹೊತ್ತು, ಅವರಿಂದ ಹಗ್ಗ, ಗಂಟು, ಸೊಂಟದ ಪಟ್ಟಿಗಳ ವಿದ್ಯೆ ಕಲಿತ. ಈಗ ಪಗಾರದಲ್ಲಿ ತನ್ನದೇ ಹಗ್ಗ ಕೊಂಡಿದ್ದ. ರವಿವಾರ ಬಂತೆಂದರೆ ಮೋಟರ್‌ಸೈಕಲ್ಲಿಗೆ ಹಗ್ಗ ಕಟ್ಟಿ ಖಾನಾಪುರದ ದಾರಿ ಹಿಡಿಯುತ್ತಿದ್ದ. ಏರುವಾಗ ಕೈ ಯಾರನ್ನೂ ಹೊಡೆಯುವಂತಿಲ್ಲ, ಹಿಡಿದುಕೊಂಡೇ ಇರಬೇಕು. ಆ ಎರಡು ತಾಸು ಅವನ ತಲೆಯೊಳಗೆ ಯಾವ ಗದ್ದಲವೂ ಇರುತ್ತಿರಲಿಲ್ಲ.

ಫೌಂಡ್ರಿಯಲ್ಲಿ ಅವನ ಒಬ್ಬನೇ ಗೆಳೆಯ ಉಜೈರ, ಎಲೆಕ್ಟ್ರಿಷಿಯನ್. ಬೆಳಗಾವಿಯ ಕ್ಯಾಂಪ್ ಬಡಾವಣೆಯವನು. ತಂದೆ ಬುಡನಸಾಬರಿಗೆ ಅಲ್ಲೊಂದು ಸಣ್ಣ ಬೇಕರಿ. ಉಜೈರ ನಾಲ್ಕು ವರ್ಷ ಗೋವಾದ ಸಮುದ್ರದಂಡೆಯಲ್ಲಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು, ಕಲಿಸುವವರ ಹತ್ತಿರ ಇದ್ದು, ಮುಳುಗುತ್ತಿದ್ದ ಪ್ರವಾಸಿಗರನ್ನು ಎಳೆದು ತರುವ ಕೆಲಸವನ್ನೂ ಮಾಡಿ, ತಂದೆಗೆ ಎದೆನೋವು ಬಂದ ಮೇಲೆ ಊರಿಗೆ ಮರಳಿದ್ದ. ಅವನು ಸಿಟ್ಟಾದದ್ದನ್ನು ಯಾರೂ ಕಂಡಿರಲಿಲ್ಲ. ಚಾ ಹೊತ್ತಿಗೆ ಇಬ್ಬರದೂ ದಿನಾ ಒಂದೇ ಜಗಳ.

"ಕಲ್ಲ ಏರೂದ್ರಾಗ ಏನ ಮಜಾ ಐತೋ ಸೋಮ್ಯಾ? ಗ್ವಾಡಿಗೆ ಹಲ್ಲಿ ಹತ್ತಿದಂಗ," ಎನ್ನುತ್ತಿದ್ದ ಉಜೈರ. "ಒಮ್ಮೆ ಸಮುದ್ರದ ತೆರಿ ಮ್ಯಾಲ ನಿಂತ ನೋಡು. ಅದು ನಿನ್ನ ಎತ್ತಿ ಒಯ್ತೈತಿ. ನೀ ಬರೇ ನಿಂದರಬೇಕು. ಹತ್ತ ಸೆಕೆಂಡ ಇರತೈತಿ, ಹತ್ತ ದಿನ ಮೈಯಾಗ ಉಳೀತೈತಿ."

"ಅದು ಒಯ್ದ್ರ ಅದರ ಹೆಚ್ಚಗಾರಿಕಿ, ನಿಂದೇನ? ಕಲ್ಲ ನಿನ್ನ ಎಲ್ಲೂ ಒಯ್ಯಂಗಿಲ್ಲ. ಒಂದ ಗೇಣ ಮ್ಯಾಲ ಹೋದ್ರೂ ನೀನ ಹೋಗಿರತಿ. ಮ್ಯಾಲ ಹೋಗಿ ಕುಂತಾಗ ಆ ಸುಖ ಪೂರಾ ನಿಂದ."

"ಸುಖ ಪೂರಾ ನಂದ ಅಂತ ಹಿಡಕೊಂಡ ಕುಂದ್ರೂದ ಎದಕ್ಕೋ? ತೆರಿ ಬರತೈತಿ, ಹೋಗತೈತಿ. ಬಡೀತೈತಿ ಸುದ್ದಾ. ಖರೇ, ಅದು ಬಡದ್ರ ಸಿಟ್ಟ ಬರಂಗಿಲ್ಲ. ಯಾರ ಮ್ಯಾಲ ಸಿಟ್ಟ ಮಾಡತಿ, ನೀರ ಮ್ಯಾಲ?"

ಈ ಮಾತು ಸೋಮಲಿಂಗನಿಗೆ ಎಲ್ಲೋ ಚುಚ್ಚುತ್ತಿತ್ತು. ಕೊನೆಗೆ ಒಂದು ದಿನ ಇಬ್ಬರೂ ಮಾತು ಕೊಟ್ಟುಕೊಂಡರು. ಒಂದು ರವಿವಾರ ಇವನು ಸಮುದ್ರಕ್ಕಿಳಿಯಬೇಕು, ಅದರ ಮುಂದಿನ ರವಿವಾರ ಅವನು ಕಲ್ಲು ಏರಬೇಕು.

ಫೆಬ್ರವರಿಯ ಮೊದಲ ರವಿವಾರ ಚೋರ್ಲಾ ಘಾಟು ಇಳಿದು ಗೋವಾಕ್ಕೆ ಹೋದರು. ಸೋಮಲಿಂಗನಿಗೆ ಈಜು ಬರುತ್ತಿರಲಿಲ್ಲ. ಮೈಗೆ ತೇಲುವ ಜಾಕೀಟು ತೊಡಿಸಿ, ಕಾಲಿಗೆ ಹಲಗೆಯ ಪಟ್ಟಿ ಕಟ್ಟಿ ಉಜೈರ ಅವನನ್ನು ಎದೆಮಟ್ಟದ ನೀರಿಗೆ ಒಯ್ದ. ಮೊದಲ ಅಲೆ ಅವನನ್ನು ಒಗೆಯುವ ಬಟ್ಟೆಯ ಹಾಗೆ ಎತ್ತಿ ಮರಳಿಗೆ ಕುಕ್ಕಿತು. ಎರಡನೆಯದು ಹಲಗೆಯನ್ನು ತಿರುಗಿಸಿ ಅವನ ಗದ್ದಕ್ಕೆ ಹೊಡೆಯಿತು. ಮೂಗು, ಬಾಯಿ, ಕಣ್ಣಿನಲ್ಲೆಲ್ಲ ಉಪ್ಪು. ನೀರಿನಡಿಯಲ್ಲಿ ಯಾವುದು ಮೇಲು, ಯಾವುದು ಕೆಳಗು ತಿಳಿಯದೆ ಅವನು ನೀರಿಗೇ ಗುದ್ದಿದ. ಗುದ್ದು ಎಲ್ಲೂ ತಾಗಲಿಲ್ಲ. ಹತ್ತಿಪ್ಪತ್ತು ಸಲ ಬಿದ್ದ.

ಒಂದು ಸಲ ಮಾತ್ರ, ಹೇಗೋ ಏನೋ, ಎದ್ದು ನಿಂತ. ಹಲಗೆ ಕಾಲಡಿಯಲ್ಲಿ ಜೀವ ಬಂದ ಹಾಗೆ ಮುಂದೆ ಚಿಮ್ಮಿತು. ಸದ್ದೆಲ್ಲ ಹಿಂದೆ ಉಳಿಯಿತು. ಅವನು ಏನನ್ನೂ ಹಿಡಿದಿರಲಿಲ್ಲ, ಆದರೂ ಬೀಳುತ್ತಿರಲಿಲ್ಲ. ಮೂರು ಸೆಕೆಂಡು ಇದ್ದೀತು. ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು. ಬಾಯಿಗೆ ಬರುವಷ್ಟರಲ್ಲಿ ಹಿಂದಿನ ಅಲೆ ಅವನನ್ನು ಮಗುಚಿ, ಚಡ್ಡಿ ಮೊಳಕಾಲಿಗೆ ಇಳಿಸಿ, ದಂಡೆಯ ಮೇಲೆ ಬೆತ್ತಲೆ ಅಂಗಾತ ಕೆಡವಿತು. ಉಜೈರನ ಹಳೆಯ ಗೆಳೆಯರು ನಾಲ್ಕೈದು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಜೈರನೂ ನಗುತ್ತ ಎತ್ತಲು ಕೈ ಚಾಚಿದ.

ಸೋಮಲಿಂಗ ಚಡ್ಡಿ ಏರಿಸಿಕೊಂಡು ಎದ್ದವನೇ ಆ ನಗುವ ಬಾಯಿಗೆ ಮುಷ್ಟಿ ಇಟ್ಟ.

ಉಜೈರ ಕುಸಿದು ಕೂತ. ಮರಳಿನ ಮೇಲೆ ರಕ್ತ, ಅದರ ನಡುವೆ ಮುಂದಿನ ಹಲ್ಲಿನ ಅರ್ಧ ತುಂಡು. ಓಡಿ ಬಂದ ಗೆಳೆಯರನ್ನು ಅವನೇ ಕೈಯೆತ್ತಿ ತಡೆದ. ಉಗುಳಿದ. ಬಾಯಿ ತೊಳೆದುಕೊಂಡ. "ನಿನ್ನ ಪಾಳಿ ಮುಗೀತು," ಎಂದ. "ಬರೂ ರವಿವಾರ ನಂದು." ಸೋಮಲಿಂಗ ಅವನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿರುಗಿ ಘಾಟು ಏರಿದ. ಊರು ಮುಟ್ಟುವ ತನಕ ತಪ್ಪಾಯಿತು ಎನ್ನಲಿಲ್ಲ.

ವಾರವಿಡೀ ಅವನು ಕಾದ. ಉಜೈರ ಜಗಳ ತೆಗೆಯಲಿ, ಬೈಯಲಿ, ತಿರುಗಿ ಹೊಡೆಯಲಿ. ಉಜೈರ ಅದರ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದವರಿಗೆ "ಹಲಗಿ ಬಡೀತು" ಎಂದ. ಮುರಿದ ಹಲ್ಲಿನ ಸಂದಿಯಿಂದ ಚಾ ಸುರಿದುಕೊಳ್ಳುತ್ತ ಎಂದಿನಂತೆ ಹರಟಿದ. ಆ ಸಂದಿಯನ್ನು ಕಂಡಾಗಲೆಲ್ಲ ಸೋಮಲಿಂಗನಿಗೆ ಮೊದಲು ನಾಚಿಕೆಯಾಗುತ್ತಿತ್ತು. ಶನಿವಾರದ ಹೊತ್ತಿಗೆ ಆ ನಾಚಿಕೆಯೇ ಸಿಟ್ಟಾಗಿತ್ತು. ದೊಡ್ಡ ಮನುಷ್ಯನಾಗಲು ನೋಡುತ್ತಾನೆ, ನಾಳೆ ಕಲ್ಲಿನ ಮೇಲೆ ತೊಡೆ ನಡುಗಿದಾಗ ನೋಡೋಣ ಎಂದುಕೊಂಡ.

ಹದ್ದಿನಕಲ್ಲು ನೂರಡಿ ಎತ್ತರದ ನೆಟ್ಟಗಿನ ಬಂಡೆ. ಬಲಗಡೆ ಮೊದಲ ಸಲದವರೂ ಏರಬಹುದಾದ ಬಿರುಕಿನ ದಾರಿ ಇದೆ. ಎಡಗಡೆ ಕಠಿಣ. ಅದಕ್ಕೂ ಆಚೆ ಬಂಡೆ ಹುಬ್ಬಿನ ಹಾಗೆ ಮುಂದೆ ಚಾಚಿದೆ. ಆ ಹುಬ್ಬಿನಡಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಹೆಜ್ಜೇನು ಕಟ್ಟುತ್ತದೆ. ಆ ರವಿವಾರ ಐದು ಹುಟ್ಟುಗಳು ಒಣಹಾಕಿದ ಕರಿ ಕಂಬಳಿಗಳಂತೆ ಜೋತುಬಿದ್ದಿದ್ದವು. ಜೇನು ಇರುವ ತಿಂಗಳುಗಳಲ್ಲಿ ಎಡಗಡೆ ಯಾರೂ ಏರುವುದಿಲ್ಲ. ಸೋಮಲಿಂಗನೂ ಏರಿದವನಲ್ಲ.

ಅವನು ಹಿಂದಿನ ಕಾಲುದಾರಿಯಿಂದ ಮೇಲೆ ಹೋಗಿ ಬಂಡೆಯ ನೆತ್ತಿಗೆ ಜಡಿದಿದ್ದ ಕಬ್ಬಿಣದ ಬಳೆಯಲ್ಲಿ ಹಗ್ಗ ತೂರಿಸಿ, ಎರಡೂ ತುದಿ ಕೆಳಗೆ ಬಿಟ್ಟು ಬಂದ. ಒಂದು ತುದಿ ಏರುವವನ ಸೊಂಟಕ್ಕೆ. ಇನ್ನೊಂದು ಕೆಳಗೆ ನಿಂತವನ ಸೊಂಟದ ಕೊಂಡಿಯಲ್ಲಿ ಹಾಯ್ದು ಅವನ ಕೈಗೆ. ಏರುವವನ ಜೀವ ಕೆಳಗಿನವನ ಬಲಗೈಯಲ್ಲಿ ಇರುತ್ತದೆ.

"ಎಡಕ್ಕ ಏರು," ಎಂದ ಸೋಮಲಿಂಗ.

ಉಜೈರ ಕತ್ತೆತ್ತಿ ನೋಡಿದ. "ಜೇನ ಅದಾವಲ್ಲೋ."

"ಅವು ಆ ಬಾಜೂಕ ಅದಾವ. ಏನೂ ಮಾಡಂಗಿಲ್ಲ. ಅಂಜಿಕಿ ಬಂದ್ರ ಹೇಳು, ಮನಿಗೆ ಹೋಗೂಣು."

ಇದ್ದ ಒಂದೇ ಹೆಲ್ಮೆಟ್ಟನ್ನು ಸೋಮಲಿಂಗ ಅವನಿಗೆ ಹಾಕಿದ. ಉಜೈರ ಏರತೊಡಗಿದ.

ಮೊದಲ ಹತ್ತಡಿ ಒದ್ದಾಡಿದ. ಎರಡು ಸಲ ಜಾರಿ ಹಗ್ಗಕ್ಕೆ ಜೋತುಬಿದ್ದ. ಆಮೇಲೆ ಅವನ ಮೈ ಏನನ್ನೋ ಅರಿತುಕೊಂಡಿತು. ಅವಸರ ಬಿಟ್ಟ. ಕಾಲಿನ ಬೆರಳಿಗೆ ಭಾರ ಕೊಟ್ಟು, ಕೈಯಿಂದ ಕಲ್ಲನ್ನು ಸವರಿ ಸವರಿ ಹಿಡಿಕೆ ಹುಡುಕುತ್ತ ಅರವತ್ತಡಿ ಹೋದ. ಅಲ್ಲಿ ಅಂಗೈಯಗಲದ ಮೆಟ್ಟಿಲೊಂದರ ಮೇಲೆ ನಿಂತು ಕಲ್ಲಿಗೆ ಕೆನ್ನೆ ಒತ್ತಿದ. ಕೆಳಗೆ ಮಲಪ್ರಭೆಯ ಮಡು ಹಸಿರಾಗಿ ಬಿದ್ದಿತ್ತು.

"ಏ ಸೋಮ್ಯಾ!" ಎಂದು ಕೂಗಿದ. "ಇದು ಬ್ಯಾರೇನ ಐತೋ! ನೀ ಹೇಳಿದ್ದ ಖರೇ! ಮೈಯಾಗಿಂದ ಸದ್ದೆಲ್ಲಾ ನಿಂತಂಗ ಆಗೈತಿ!" ಎಂದವನೇ ಮುರಿದ ಹಲ್ಲು ತೋರಿಸಿ ನಕ್ಕ.

ಕೆಳಗೆ ನಿಂತ ಸೋಮಲಿಂಗನಿಗೆ ಮೈ ಉರಿಯಿತು. ಅಳಬೇಕಾದವನು ನಗುತ್ತಿದ್ದಾನೆ. ಹುಟ್ಟಿದಾಗಿನಿಂದ ತನ್ನೊಬ್ಬನದೇ ಎಂದುಕೊಂಡದ್ದನ್ನು ಇವನು ಅರ್ಧ ತಾಸಿನಲ್ಲಿ ಕೈ ಹಾಕಿ ತೆಗೆದುಕೊಂಡ.

"ಕೈ ಸೋತಾವು, ಹಗ್ಗ ಬಿಗಿ ಹಿಡಿ, ಸ್ವಲ್ಪ ಜೋತ ಬೀಳತೇನಿ," ಎಂದ ಉಜೈರ.

"ಹಿಡದೇನಿ, ಬಿಡು," ಎಂದ ಸೋಮಲಿಂಗ. ಹಾಗೆನ್ನುತ್ತಲೇ ಎರಡು ಮಾರು ಹಗ್ಗ ಸಡಿಲ ಬಿಟ್ಟ.

ಉಜೈರ ಕಲ್ಲು ಬಿಟ್ಟ. ಹಗ್ಗ ಬಿಗಿಯಾಗುವ ಮೊದಲು ಹತ್ತಡಿ ಬಿದ್ದ. ಹೆದರಿಸಬೇಕೆಂದಷ್ಟೇ ಸೋಮಲಿಂಗನ ಮನಸ್ಸಿನಲ್ಲಿದ್ದದ್ದು. ಆದರೆ ಮೇಲಿನ ಬಳೆ ಹುಬ್ಬಿನ ಕಡೆಗೆ ಇದ್ದದ್ದರಿಂದ ಹಗ್ಗ ಅಡ್ಡಡ್ಡ ಜೀಕಿತು. ತೊಟ್ಟಿಲ ಹಾಗೆ ತೂಗಿ ಹೋದ ಉಜೈರ ಬೆನ್ನು ಮುಂದಾಗಿ ಹುಬ್ಬಿನ ಕೆಳಗಿನ ಕಲ್ಲಿಗೆ ಬಡಿದ. ಚಪ್ಪಡಿಯಷ್ಟಗಲದ ಚಕ್ಕೆಯೊಂದು ಕಿತ್ತು, ಅಂಚಿನ ಹುಟ್ಟನ್ನು ಸೀಳಿಕೊಂಡು ಕೆಳಗೆ ಬಿತ್ತು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆ ಕರಿ ಕಂಬಳಿ ಅಲುಗಿತು, ಬಿಚ್ಚಿಕೊಂಡಿತು. ಗಿರಣಿ ಶುರುವಾದ ಹಾಗೆ ಸದ್ದು ಎದ್ದಿತು.

ಉಜೈರ ಚೀರಿದ್ದು ಕೇಳಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ಕಾಣದಾದ. ಹಗ್ಗದ ತುದಿಗೆ ಕಪ್ಪಗಿನ ಮುದ್ದೆಯೊಂದು ಒದ್ದಾಡುತ್ತಿತ್ತು. ಮರುಕ್ಷಣ ಅವು ಕೆಳಗೂ ಬಂದವು. ಮೊದಲ ಮುಳ್ಳು ಸೋಮಲಿಂಗನ ಹುಬ್ಬಿಗೆ ಹತ್ತಿತು. ಎರಡನೆಯದು ಕುತ್ತಿಗೆಗೆ. ಅದಾದ ಮೇಲೆ ಲೆಕ್ಕ ಉಳಿಯಲಿಲ್ಲ.

ಓಡು ಎಂದಿತು ಮೈ. ಹಗ್ಗ ಬಿಟ್ಟರೆ ಓಡಬಹುದಿತ್ತು. ಬಿಟ್ಟರೆ ಉಜೈರ ಐವತ್ತಡಿಯಿಂದ ಬಂಡೆಗಳ ಮೇಲೆ ಬೀಳುತ್ತಾನೆ. ಸೋಮಲಿಂಗ ಕಾಲು ಅಗಲಿಸಿ ನಿಂತ. ಎರಡೂ ಕೈ ಹಗ್ಗದ ಮೇಲೆಯೇ ಇದ್ದವು. ಜೀವಮಾನದಲ್ಲಿ ಯಾರ ಏಟನ್ನೂ ತಿರುಗಿಸದೆ ಬಿಟ್ಟವನಲ್ಲ. ಈಗ ಕಿವಿಯೊಳಗೆ ಹೊಕ್ಕು ಚುಚ್ಚಿದ ಒಂದು ಹುಳವನ್ನು ಒರೆಸಿ ತೆಗೆಯಲೂ ಕೈ ಇರಲಿಲ್ಲ. ರೆಪ್ಪೆಯ ಮೇಲೆ ಚುಚ್ಚಿದವು. ಮೂಗಿನ ಹೊಳ್ಳೆಯಲ್ಲಿ ಚುಚ್ಚಿದವು. ಉಸಿರಿಗೆ ಬಾಯಿ ತೆರೆದರೆ ನಾಲಿಗೆಯ ಮೇಲೆ ಕೂತು ಚುಚ್ಚಿದವು. ಅವನು ಅಗಿದು ಉಗುಳಿದ. ಹಗ್ಗ ಹಿಡಿದ ಬೆರಳುಗಳ ಮೇಲೆ ಒಂದರ ಮೇಲೊಂದು ಮುತ್ತಿ, ಚರ್ಮವೇ ಕಾಣದ ಹಾಗೆ ಆಯಿತು. ಅವನು ಹಗ್ಗವನ್ನು ಹರಿಯಬಿಡುತ್ತ ಹೋದ. ಅಂಗೈ ಸುಟ್ಟು ಚರ್ಮ ಸುಲಿಯಿತು. ಕಣ್ಣು ಮುಚ್ಚಿಕೊಳ್ಳತೊಡಗಿದವು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನ ಸೀಳಿನಲ್ಲಿ ಕಪ್ಪು ಮುದ್ದೆ ಇಳಿದು ಬರುವುದಷ್ಟೇ ಕಾಣುತ್ತಿತ್ತು. ಕೊನೆಯ ಎರಡಾಳೆತ್ತರ ಅಳತೆ ತಪ್ಪಿತು. ಉಜೈರ ಜೋರಾಗಿ ನೆಲಕ್ಕೆ ಬಡಿದ. ಕಾಲಿನ ಗಿಣ್ಣು ಲಟ್ಟೆಂದದ್ದು ಆ ಗದ್ದಲದಲ್ಲೂ ಕೇಳಿಸಿತು.

ಗಂಟು ಬಿಚ್ಚಲು ಬೆರಳು ಮಡಚಲಿಲ್ಲ. ಚಾಕುವಿನಿಂದ ಹಗ್ಗ ಕೊಯ್ದು, ಉಜೈರನನ್ನು ಹೆಗಲಿಗೆ ಹಾಕಿಕೊಂಡು ಸೋಮಲಿಂಗ ಮಡುವಿನ ಕಡೆ ಓಡಿದ. ದಾರಿ ಕಾಣಲಿಲ್ಲ. "ಎಡಕ್ಕ... ಎಡಕ್ಕ... ಕಲ್ಲೈತಿ..." ಎಂದು ಹೆಗಲ ಮೇಲಿನವನೇ ಹೇಳುತ್ತಿದ್ದ. ಎರಡು ಸಲ ಬಿದ್ದೆದ್ದು, ಇಬ್ಬರೂ ಒಟ್ಟಿಗೇ ನೀರಿಗೆ ಉರುಳಿದರು.

ಅಲ್ಲಿ ಆಳವಿತ್ತು. ಕಾಲಿಗೆ ನೆಲ ಸಿಗದ ಕೂಡಲೇ ಸೋಮಲಿಂಗನಿಗೆ ಬುದ್ಧಿ ಹೋಯಿತು. ಕೈಕಾಲು ಬಡಿದ. ಹಿಡಿಯಲು ಬಂದವನನ್ನೇ ಗುದ್ದಿದ. ಮೊಣಕೈ ಉಜೈರನ ಬಾಯಿಗೆ, ಆಗಲೇ ಒಡೆದಿದ್ದ ಜಾಗಕ್ಕೇ, ಬಡಿಯಿತು. ಉಜೈರ ಬಿಡಲಿಲ್ಲ. ಹಿಂದಿನಿಂದ ಕಂಕುಳಲ್ಲಿ ಕೈ ತೂರಿಸಿ ಬಿಗಿದು ಹಿಡಿದ. "ಬಡೀಬ್ಯಾಡ! ಉಸರ ತಗೋ. ಮುಳಗು. ನಾ ಹೇಳಿದಾಗ ಮ್ಯಾಲ ಬಾ." ಮುರಿದ ಕಾಲನ್ನು ಎಳೆಯುತ್ತ, ಒಂದೇ ಕಾಲಿನಿಂದ ನೀರು ತುಳಿಯುತ್ತ, ಅಂಗಿ ಕಳಚಿ ಇಬ್ಬರ ತಲೆಯ ಮೇಲೂ ಹೊದಿಸಿದ. ಮೇಲೆ ಜೇನು ಬಿಸಿ ಎಣ್ಣೆಯಂತೆ ಭೋರ್ಗರೆಯುತ್ತಿತ್ತು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಎಷ್ಟು ಹೊತ್ತೆಂದು ಇಬ್ಬರಿಗೂ ಗೊತ್ತಿಲ್ಲ.

ಆಚೆ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಚಂದ್ರವ್ವ ಎಂಬ ಮುದುಕಿ ಇದನ್ನು ಕಂಡಳು. ಒಣ ಸಗಣಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿ, ಹೊದ್ದ ಕಂಬಳಿಯನ್ನು ನೀರಿಗೆ ಚಾಚಿ ಇಬ್ಬರನ್ನೂ ಎಳೆದುಕೊಂಡಳು. "ಯಾರ ಮಗನೋ ನೀ?" ಎಂದು ಸೋಮಲಿಂಗನನ್ನು ಕೇಳಿದಳು. ತನ್ನ ಊರಿನ ಲಕ್ಷ್ಮಪ್ಪನ ಮಗನ ಗುರುತೇ ಅವಳಿಗೆ ಹತ್ತಲಿಲ್ಲ. ಮುಖವೆಂಬುದು ಉಳಿದಿರಲಿಲ್ಲ.

ಖಾನಾಪುರದ ಆಸ್ಪತ್ರೆಯಲ್ಲಿ ಸೋಮಲಿಂಗನ ಮೈಯಿಂದ ಮುಳ್ಳು ಕೀಳತೊಡಗಿದ ನರ್ಸು ಇನ್ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟಳು. ಸಂಜೆಗೆ ಅವನ ಮೂತ್ರ ಚಾದ ಬಣ್ಣಕ್ಕೆ ತಿರುಗಿ ನಿಂತೇಹೋಯಿತು. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿ ಡಯಾಲಿಸಿಸ್‌ಗೆ ಹಾಕಿದರು. ಉಜೈರನಿಗೆ ಮುಳ್ಳು ಕಡಿಮೆ, ಹೆಲ್ಮೆಟ್ಟು ತಲೆ ಕಾಯ್ದಿತ್ತು, ಬಿಡುವಿದ್ದ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ. ಗಿಣ್ಣು ಮಾತ್ರ ಮೂರು ಚೂರಾಗಿ, ಕೆಳಗಿನ ಮಹಡಿಯಲ್ಲಿ ಸರಳು ಹಾಕಿಸಿಕೊಂಡು ಮಲಗಿದ್ದ.

ಬುಡನಸಾಬರು ದಿನಾ ಎರಡೂ ಮಹಡಿ ಹತ್ತಿ ಇಳಿದರು. ಕೈ ಪಟ್ಟಿಯೊಳಗಿದ್ದ ಸೋಮಲಿಂಗನಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ತಾವೇ ಚಮಚದಿಂದ ತಿನಿಸಿದರು. "ಹಗ್ಗ ಬಿಟ್ಟಿದ್ರ ನನ್ನ ಮಗ ಇರತಿರಲಿಲ್ಲ," ಎಂದು ವಾರ್ಡಿನ ಎಲ್ಲರಿಗೂ ಹೇಳಿದರು. ಪಕ್ಕದ ಹಾಸಿಗೆಯವರು ಅವನನ್ನು ಬೇರೆ ರೀತಿಯಿಂದ ನೋಡತೊಡಗಿದರು. ಸೋಮಲಿಂಗ ಮುದುಕರ ಮುಖ ನೋಡದೆ ನುಂಗುತ್ತಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ಪ್ರಮಿಳಾ ಬಂದಳು. ಬುಡನಸಾಬರು ಚಮಚ ಹಿಡಿದುಕೊಂಡೇ "ಬಾ ಬೇಟಿ, ಕುಂದರು," ಎಂದು ಹಗ್ಗದ ಕಥೆಯನ್ನು ಮೊದಲಿನಿಂದ ಹೇಳಿದರು. ಅವಳು ಸ್ಟೂಲಿನ ಮೇಲೆ ಕೂತು ಕೇಳಿದಳು. ಕಥೆ ಮುಗಿದಾಗ ಸೋಮಲಿಂಗ ದಪ್ಪ ತುಟಿಯೊಳಗೆ ಏನೋ ಅಂದ.

"ಏನ?" ಎಂದಳು ಪ್ರಮಿಳಾ. ಅವನು ಮತ್ತೆ ಪಿಸುಗುಟ್ಟಿದ. ಅವಳು ಎದ್ದು ಸ್ಟೂಲನ್ನು ಹಾಸಿಗೆಯ ಇನ್ನೊಂದು ಬಾಜುವಿಗೆ ತಂದಿಟ್ಟುಕೊಂಡಳು.

"ಎಡಗಿವಿ ಕೇಳಸಂಗಿಲ್ಲ ನನಗ. ದೀಪಾವಳಿಯಿಂದ. ಜೋರ ಹೇಳು."

ಸೋಮಲಿಂಗನಿಗೆ ಇದು ಗೊತ್ತಿರಲಿಲ್ಲ. ಮುಚ್ಚಿದ ಕಣ್ಣುಗಳ ಸೀಳಿನಿಂದ ಅವಳನ್ನು ನೋಡಿದ. ಆಮೇಲೆ ವಾರ್ಡೆಲ್ಲ ಕೇಳುವ ಹಾಗೆ ಹೇಳಿದ: "ಮೊದಲ ಬಿಟ್ಟಿದ್ದೆ. ಹಗ್ಗ. ಬೇಕಂತ ಸಡ್ಲ ಬಿಟ್ಟೆ. ಅವ ನಗಾಕ ಹತ್ತಿದ್ದ, ಅದಕ್ಕ. ಅದಕ್ಕ ಅವ ಜೇನಿಗೆ ಬಡದಾ."

ಬುಡನಸಾಬರು ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ಚಮಚ ಇಟ್ಟರು. ಎದ್ದು ನಿಂತು, ಅರವತ್ತು ವರ್ಷ ಹಿಟ್ಟು ನಾದಿದ ಕೈಯಿಂದ ಅವನ ಊದಿದ ಕೆನ್ನೆಗೆ ಹೊಡೆದರು. ಸಲಾಯಿನಿನ ಕಂಬ ಅಲುಗಾಡಿತು. ಒಡೆದ ತುಟಿಯಿಂದ ರಕ್ತ ದಿಂಬಿಗೆ ಇಳಿಯಿತು. ಸೋಮಲಿಂಗನ ಬಲಗೈ ಪಟ್ಟಿಯ ಸಮೇತ ಎದ್ದಿತು. ಎದ್ದದ್ದು ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮೆಲ್ಲಗೆ ಚಾದರದ ಮೇಲೆ ಬಂದು ಬಿತ್ತು. ಮುದುಕರು ಅವನ ಕಡೆ ನೋಡದೆ ಹೊರಗೆ ಹೋದರು.

"ಕೈ ಎತ್ತಿದಿ," ಎಂದಳು ಪ್ರಮಿಳಾ.

"ಇಳಿಸಿದೆ."

"ಕಂಡೆ." ಸೆರಗಿನಿಂದ ಅವನ ತುಟಿಯ ರಕ್ತ ಒರೆಸಿದಳು. "ಇಷ್ಟಕ್ಕ ನಾ ತಿರಗಿ ಬರತೇನಿ ಅಂತ ತಿಳೀಬ್ಯಾಡ. ಅವ್ವನ ಬಾಜೂ ನನಗೂ ಒಂದ ಮಗ್ಗ ಹಾಕೇವಿ. ಅಲ್ಲೇ ಇರತೇನಿ." ಬ್ಯಾಗು ಹೆಗಲಿಗೆ ಹಾಕಿಕೊಂಡು ವಡಗಾವಿಯ ಬಸ್ಸಿಗೆ ಹೊರಟುಹೋದಳು. ಬಟ್ಟಲಿನ ಬ್ರೆಡ್ಡನ್ನು ಆಯಾ ಬಂದು ಒಯ್ದಳು.

ಹನ್ನೊಂದನೆಯ ದಿನ ಅವನನ್ನು ಮನೆಗೆ ಕಳಿಸಿದರು. ಬಿಡುಗಡೆಯ ಕಾಗದ ಕೈಯಲ್ಲಿ ಹಿಡಿದು ಅವನು ನೇರ ಕೆಳಗಿನ ಮಹಡಿಗೆ ಇಳಿದ. ಉಜೈರ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಸೋಮಲಿಂಗ ಬಾಗಿಲಲ್ಲೇ ನಿಂತ.

"ಅಪ್ಪಾ ಹೇಳಿದ್ರು," ಎಂದ ಉಜೈರ. "ಅವರ ಹೇಳೂಕಿಂತ ಮೊದಲ ಗೊತ್ತಿತ್ತು ನನಗ. ಮ್ಯಾಲಿಂದ ನಿನ್ನ ಮಾರಿ ಕಾಣತಿತ್ತು."

"ಗೊತ್ತಿದ್ದೂ ನೀರಾಗ ನನ್ನ ಯಾಕ ಹಿಡದಿ?"

"ಮುಳಗಾಂವನ ಹಿಡೀಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕ ಅಲ್ಲಿ ಯಾಳೆ ಎಲ್ಲಿತ್ತೋ?" ಉಜೈರ ಕಿಟಕಿಯ ಕಡೆ ತಿರುಗಿದ. ಹೊರಗೆ ನೋಡುತ್ತಲೇ ಹೇಳಿದ: "ಡಾಕ್ಟರ ಅಂತಾರ, ಈ ಕಾಲ ಇನ್ನ ಹಲಗಿ ಮ್ಯಾಲ ನಿಂದ್ರಂಗಿಲ್ಲಂತ. ಕಲ್ಲಂತೂ ದೂರ. ಈಗ ನಿನ್ನ ಮಾರಿ ನೋಡಾಕ ಮನಸ್ಸಿಲ್ಲ ಸೋಮ್ಯಾ. ಹೋಗು."

ಸೋಮಲಿಂಗ ಹೋದ. ಆಸ್ಪತ್ರೆಯ ಗೇಟಿನ ಮುಂದೆ ಖಾನಾಪುರದ ಬಸ್ಸು ನಿಂತಿತ್ತು, ಕಂಡಕ್ಟರ ಊರಿನ ಹೆಸರು ಕೂಗುತ್ತಿದ್ದ. ಹದ್ದಿನಕಲ್ಲಿನ ದಾರಿಯ ಆ ಬಸ್ಸನ್ನು ಅವನು ಹತ್ತಲಿಲ್ಲ. ಬಿಸಿಲಿಗೆ ಕಣ್ಣು ಇನ್ನೂ ಉರಿಯುತ್ತಿದ್ದವು. ಫೌಂಡ್ರಿಯಿರುವ ಮಚ್ಛೆಯ ದಿಕ್ಕಿಗೆ ರಸ್ತೆಯ ಅಂಚು ಹಿಡಿದು ನಡೆಯತೊಡಗಿದ.